ಬೀದಿಯ ರಸ್ತೆ ರಿಪೇರಿ: ಹಣ ಯಾರದ್ದು, ಯಾವಾಗ ಬೇಕು?

ವಸತಿ ಬೀದಿಯ ರಸ್ತೆ ಹದಗೆಟ್ಟಾಗ ನಿವಾಸಿಗಳು ರಸ್ತೆ ಎಂಜಿನಿಯರನನ್ನು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ದುಡ್ಡು ಯಾರು ಕೊಡುತ್ತಾರೆ?’ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ಈ ರಸ್ತೆ ಯಾರ ಹೆಸರಿನಲ್ಲಿದೆ? ಅದರ ಈಗಿನ ಸ್ಥಿತಿ ಏನು? ಇವೆರಡನ್ನೂ ಬಿಟ್ಟು ನೇರವಾಗಿ ದುಡ್ಡಿಗೆ ಇಳಿದ ಸಭೆಗಳು ಜಗಳದಲ್ಲಿ ಮುಗಿಯುತ್ತವೆ.

ಒಡೆತನದ ವಿಷಯವನ್ನು ದಾಖಲೆ ನೋಡಿಯೇ ತೀರ್ಮಾನಿಸಬೇಕು. ಬಡಾವಣೆ ಕಟ್ಟಿದವರು ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸದೇ ಹೋಗಿರಬಹುದು, ಅಥವಾ ಹಸ್ತಾಂತರ ಕಾಗದದಲ್ಲಿ ಅರ್ಧಕ್ಕೆ ನಿಂತಿರಬಹುದು. ಅಂತಹ ಬೀದಿಯಲ್ಲಿ ಎಲ್ಲರೂ ಆಸ್ತಿ ತೆರಿಗೆ ಕಟ್ಟುತ್ತಿದ್ದರೂ ರಸ್ತೆಯ ಹೊಣೆ ಯಾರ ತಲೆಗೂ ಬಂದಿರುವುದಿಲ್ಲ. ಹಸ್ತಾಂತರಕ್ಕೆ ಮುನ್ನ ರಸ್ತೆಯನ್ನು ನಿಗದಿತ ಗುಣಮಟ್ಟಕ್ಕೆ ತರಬೇಕೆಂದು ಸ್ಥಳೀಯ ಸಂಸ್ಥೆಗಳು ಸಾಮಾನ್ಯವಾಗಿ ಷರತ್ತು ಹಾಕುತ್ತವೆ. ಹಾಗಾಗಿ ನಿವಾಸಿಗಳು ಒಮ್ಮೆ ಕೈಯಿಂದ ಖರ್ಚು ಮಾಡಿದರೂ, ಮುಂದಿನ ಹೊಣೆಯನ್ನು ಬರಹದಲ್ಲಿ ವರ್ಗಾಯಿಸಿಕೊಳ್ಳುವುದು ಅನೇಕ ಸಲ ಲಾಭದ ದಾರಿ.

ಸ್ಥಿತಿಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಹಣದ ಲೆಕ್ಕವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಬಿಸಿಲು ಮತ್ತು ಗಾಳಿಗೆ ಡಾಂಬರು ವರ್ಷದಿಂದ ವರ್ಷಕ್ಕೆ ಆಕ್ಸಿಡೀಕರಣಗೊಂಡು ಗಡುಸಾಗುತ್ತದೆ, ಬಾಗುವ ಗುಣ ಕಳೆದುಕೊಂಡು ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಇಳಿದರೆ ಕೆಳಗಿನ ಜಲ್ಲಿಯ ಪದರ ಸಡಿಲವಾಗುತ್ತದೆ. ಚಕ್ರ ಸಾಗುವ ಜಾಡಿನಲ್ಲಿ ಮೊಸಳೆಯ ಚರ್ಮದಂತೆ ಬಿರುಕುಗಳ ಜಾಲ ಕಂಡಿತೆಂದರೆ ಪೆಟ್ಟು ತಳಕ್ಕೆ ತಲುಪಿದೆ. ಗುಂಡಿ ಬೀಳುವುದು ಕೊನೆಯ ಹಂತ. ಜನ ಮೊದಲು ಗಮನಿಸುವುದು ಮಾತ್ರ ಅದನ್ನೇ.

ಎಂಜಿನಿಯರುಗಳು ರಸ್ತೆಯ ಮೇಲ್ಮೈಗೆ 0ರಿಂದ 100ರವರೆಗೆ ಅಂಕ ಕೊಡುವ ಸೂಚ್ಯಂಕವೊಂದಿದೆ. ಹೊಸ ರಸ್ತೆಗೆ 100. ಮೊದಲ ಹಲವು ವರ್ಷ ಅಂಕ ನಿಧಾನವಾಗಿ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆ ಕುಸಿತಕ್ಕೆ ಮುನ್ನ ಬಿರುಕು ತುಂಬಿಸುವುದು, ಮೇಲೊಂದು ತೆಳು ಲೇಪ ಹಾಕುವುದು ಸಾಕಾಗುತ್ತದೆ. ದಾಟಿದ ಮೇಲೆ ಹೊಸ ಡಾಂಬರು ಪದರವೇ ಬೇಕು. ಇನ್ನೂ ತಡವಾದರೆ ತಳದಿಂದ ಅಗೆದು ಕಟ್ಟಬೇಕು. ಒಂದೊಂದು ಹಂತ ದಾಟಿದಾಗಲೂ ಖರ್ಚು ಹಲವು ಪಟ್ಟು ಏರುತ್ತದೆ. ಕಡಿಮೆ ಹಣವಿರುವ ಆಡಳಿತ ‘ಅತಿ ಕೆಟ್ಟ ರಸ್ತೆ ಮೊದಲು’ ಎಂಬ ಸಾಲು ಹಿಡಿದರೆ ಇರುವುದೆಲ್ಲ ಒಂದೆರಡು ಮರುನಿರ್ಮಾಣಕ್ಕೆ ಮುಗಿದುಹೋಗುತ್ತದೆ, ಅಗ್ಗದಲ್ಲಿ ಉಳಿಸಬಹುದಾಗಿದ್ದ ಹತ್ತಾರು ಬೀದಿಗಳು ಅಷ್ಟರಲ್ಲಿ ಕೆಡುತ್ತವೆ. ಗುಂಡಿ ಇಲ್ಲದ ರಸ್ತೆಗೆ ಖರ್ಚೇಕೆ ಎಂದು ಸಿಟ್ಟಾಗುವ ನಿವಾಸಿಗಳಿಗೆ ನಾನು ಈ ಕಾರಣವನ್ನೇ ಹೇಳುತ್ತೇನೆ. ಸಾರ್ವಜನಿಕ ಹಣಕ್ಕೆ ಅತಿ ಹೆಚ್ಚು ಬೆಲೆ ಬರುವುದು ಆ ಕಣ್ಣಿಗೆ ಕಾಣದ ಕೆಲಸದಲ್ಲಿ.

ಇನ್ನು ಮೂಲಗಳು. ಸ್ಥಳೀಯ ಸಂಸ್ಥೆಯ ಸಾಮಾನ್ಯ ಆದಾಯ, ಮೇಲಿನ ಸರ್ಕಾರದ ಅನುದಾನ, ಇಂಧನ ತೆರಿಗೆ, ಬೀದಿಯ ಆಸ್ತಿಗಳ ಮೇಲೆ ಹಾಕುವ ಸುಧಾರಣಾ ಶುಲ್ಕ, ನಿವಾಸಿಗಳ ವಂತಿಗೆ, ಸಾಲ. ಅಮೆರಿಕದ ಒರೆಗಾನ್ ರಾಜ್ಯ 1919ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಒಂದು ಸೆಂಟ್ ತೆರಿಗೆ ಹಾಕಿದಾಗಿನಿಂದ ರಸ್ತೆ ಬಳಸುವವರೇ ರಸ್ತೆಗೆ ಕೊಡಲಿ ಎಂಬ ವಾದಕ್ಕೆ ಬಲ ಬಂದಿದೆ. ವಾದ ನ್ಯಾಯವಾದದ್ದೇ. ಆದರೆ ಆ ಬಗೆಯ ಹಣ ಹೆಚ್ಚಾಗಿ ಹೆದ್ದಾರಿ ಮತ್ತು ಮುಖ್ಯರಸ್ತೆಗಳಿಗೆ ಹರಿಯುತ್ತದೆ. ಒಳಬೀದಿಯ ಸರದಿ ಬರುವುದು ಬಜೆಟ್ಟಿನ ಕೊನೆಯಲ್ಲಿ.

ಆದ್ದರಿಂದ ಸುಧಾರಣಾ ಶುಲ್ಕವನ್ನೋ ವಂತಿಗೆಯನ್ನೋ ಮಾತಾಡಲೇಬೇಕಾಗುತ್ತದೆ, ಹಂಚಿಕೆಯ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ‘ಕಾರು ಹೆಚ್ಚಿರುವವರು ಹೆಚ್ಚು ಕೊಡಲಿ’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಏಳುತ್ತದೆ. ಅದು ತಾಂತ್ರಿಕವಾಗಿ ನಿಲ್ಲುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆ ತುಣುಕುಗಳ ಮೇಲೆ ಟ್ರಕ್ಕುಗಳನ್ನು ಓಡಿಸಿ ನಡೆಸಿದ ದೊಡ್ಡ ಪ್ರಯೋಗ ತೋರಿಸಿದ್ದೇನೆಂದರೆ, ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ಮನೆಯ ಕಾರುಗಳ ಪಾಲು ನಗಣ್ಯ. ಬೀದಿಯನ್ನು ತುಳಿಯುವುದು ಕಸದ ಲಾರಿ, ನೀರಿನ ಟ್ಯಾಂಕರ್, ಮನೆ ಕಟ್ಟುವಾಗ ಬರುವ ಕಾಂಕ್ರೀಟ್ ಲಾರಿ. ಕಸದ ಸೇವೆ ಎಲ್ಲರಿಗೂ ಸಮಾನ, ಅದರ ಹಾನಿಯ ಹೊರೆಯೂ ಸಮಾನವಾಗಿರಲಿ. ಹೊಸದಾಗಿ ಕಟ್ಟುವವರಿಂದ ಮಾತ್ರ ಮುಂಚಿತವಾಗಿ ಠೇವಣಿ ಪಡೆಯುವುದು ನ್ಯಾಯ.

ನಿವೇಶನಗಳು ಹೆಚ್ಚುಕಡಿಮೆ ಒಂದೇ ಅಳತೆಯವಾಗಿದ್ದರೆ ಮನೆಗೊಂದು ಸಮಪಾಲು ಎಂಬುದೇ ನನ್ನ ಆಯ್ಕೆ. ಲೆಕ್ಕ ಸರಳ, ತಕರಾರು ಕಡಿಮೆ. ಅಳತೆಯಲ್ಲಿ ಭಾರಿ ಅಂತರವಿದ್ದರೆ ರಸ್ತೆಗೆ ತಾಗಿದ ಉದ್ದದ ಮೇಲೆ ಹಂಚಬಹುದು. ಆಗ ಮೂಲೆಮನೆಯವರಿಗೆ ಎರಡೂ ಬದಿಯ ಪೂರ್ತಿ ಉದ್ದವನ್ನು ಹೊರಿಸಬಾರದು, ಅವರು ಎರಡು ಮನೆಯ ಪ್ರಯೋಜನ ಪಡೆಯುವುದಿಲ್ಲ. ಪಿಂಚಣಿಯಲ್ಲಿ ಬದುಕುವ ಹಿರಿಯರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಅವರಿಗೆ ಕಂತು, ಇಲ್ಲವೇ ಮನೆ ಮಾರಾಟವಾದಾಗ ತೀರಿಸುವ ಅವಕಾಶ ಇರಲೇಬೇಕು. ಅವರನ್ನು ಮುಜುಗರಕ್ಕೆ ತಳ್ಳಿ ಹಾಕಿಸಿದ ರಸ್ತೆ ನನಗೆ ಬೇಡ.

ಸಾಲ ಮಾಡುವುದು ತಪ್ಪಲ್ಲ, ಅವಧಿ ತಪ್ಪಾಗಬಾರದು. ಹತ್ತು ವರ್ಷ ಬಾಳುವ ಪದರಕ್ಕೆ ಇಪ್ಪತ್ತು ವರ್ಷದ ಸಾಲ ತೆಗೆದರೆ ಆಗಲೇ ಸವೆದುಹೋದ ರಸ್ತೆಯ ಕಂತನ್ನು ಉಳಿದ ಹತ್ತು ವರ್ಷ ಕಟ್ಟುತ್ತಾ, ಹೊಸ ರಸ್ತೆಗೂ ಹಣ ಹುಡುಕಬೇಕಾಗುತ್ತದೆ.

ಅಂದಾಜು ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಚರಂಡಿ. ನೀರು ಹರಿದುಹೋಗಲು ರಸ್ತೆಯ ನಡುವಿನಿಂದ ಅಂಚಿಗೆ ಶೇಕಡಾ ಎರಡರಷ್ಟಾದರೂ ಇಳಿಜಾರು ಬೇಕು, ಅಂಚಿನಲ್ಲಿ ನೀರಿಗೆ ದಾರಿ ಬೇಕು. ಇದಕ್ಕೆ ಹಣವಿಲ್ಲ, ಡಾಂಬರಿಗೆ ಮಾತ್ರ ಇದೆ ಎನ್ನುವ ಬೀದಿಗೆ ಕಾಮಗಾರಿಯನ್ನು ಮುಂದೂಡಿ ಎಂದೇ ಹೇಳುತ್ತೇನೆ. ಮೊಸಳೆಬಿರುಕಿನ ಮೇಲೆ ತೆಳು ಪದರ ಹಾಸುವುದೂ ಅಂಥದೇ ವ್ಯರ್ಥ: ಕೆಳಗಿನ ಬಿರುಕು ಸ್ವಲ್ಪ ಕಾಲದಲ್ಲೇ ಮೇಲೆ ಮೂಡುತ್ತದೆ. ಆ ಭಾಗವನ್ನಷ್ಟೇ ತಳದವರೆಗೆ ಅಗೆದು ತುಂಬಿ, ಉಳಿದ ಕಡೆ ಪದರ ಹಾಕಿದರೆ ಹಣ ನಿಲ್ಲುತ್ತದೆ. ಚೇಂಬರ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ಎತ್ತುವ ಖರ್ಚು, ಗುಣಮಟ್ಟ ಪರೀಕ್ಷೆಯ ಖರ್ಚು ಪಟ್ಟಿಯಲ್ಲಿವೆಯೇ ಎಂದೂ ನೋಡಿ.

ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಸಂಸ್ಥೆಗಳಿಗೆ ಕಾಮಗಾರಿಗೆ ಬಹಳ ಮೊದಲೇ ಪತ್ರ ಬರೆಯಬೇಕು. ಅವರ ಹಳೆಯ ಕೊಳವೆ ಬದಲಾಗುವುದಿದ್ದರೆ ಈಗಲೇ ಬದಲಾಗಲಿ, ಅಗೆದ ಪಟ್ಟಿಯನ್ನು ಮುಚ್ಚುವ ವೆಚ್ಚವೂ ಅವರ ಲೆಕ್ಕದಿಂದ ಬರಲಿ. ಎಷ್ಟೋ ಬೀದಿಗಳಲ್ಲಿ ಯಾರೂ ಕೇಳದ ಅನುದಾನ ಇದು.

ಕೆಲಸ ಮುಗಿದ ವರ್ಷವೇ ಮೀಸಲು ನಿಧಿ ಶುರುವಾಗಬೇಕು. ಮುಂದಿನ ಪದರದ ಅಂದಾಜು ವೆಚ್ಚಕ್ಕೆ ಬೆಲೆಯೇರಿಕೆ ಸೇರಿಸಿ, ಪದರ ಬಾಳುವ ವರ್ಷಗಳಿಂದಲೂ ಮನೆಗಳ ಸಂಖ್ಯೆಯಿಂದಲೂ ಭಾಗಿಸಿದರೆ ಮನೆಯೊಂದರ ವಾರ್ಷಿಕ ಪಾಲು ಸಿಗುತ್ತದೆ. ಬಿರುಕು ತುಂಬಿಸಲು ಅದರ ಮೇಲೆ ಸ್ವಲ್ಪ ಸೇರಿಸಿ. ಖಾತೆ ಪ್ರತ್ಯೇಕವಾಗಿರಲಿ, ವಾರ್ಷಿಕ ಲೆಕ್ಕ ಎಲ್ಲ ಮನೆಗಳಿಗೂ ತಲುಪಲಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಒಂದು ಭಾಗವನ್ನು ಮಾತ್ರ ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಬೇಕು. ಆ ಷರತ್ತು ಟೆಂಡರಿನಲ್ಲಿಯೇ ಇರಬೇಕು, ಕೆಲಸ ಶುರುವಾದ ಮೇಲೆ ಸೇರಿಸಲಾಗದು.