ಮರಕಾನಾದಲ್ಲಿ ನಿಜಕ್ಕೂ ಎರಡು ಲಕ್ಷ ಜನ ಹಿಡಿಸುತ್ತಿದ್ದರಾ?

ಪ್ರಶ್ನೆ: 1950ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡಲು ಬ್ರೆಜಿಲ್‌ನ ರಿಯೊ ಡಿ ಜನೈರೊದ ಮರಕಾನಾ ಸ್ಟೇಡಿಯಂನಲ್ಲಿ ಎರಡು ಲಕ್ಷ ಜನ ಸೇರಿದ್ದರು ಅಂತಾರೆ. ಈಗ ಅಲ್ಲಿರುವುದು 78 ಸಾವಿರ ಚಿಲ್ಲರೆ ಸೀಟು. ಹಳೆಯದನ್ನು ಕೆಡವಿ ಚಿಕ್ಕದು ಕಟ್ಟಿದರಾ, ಅಥವಾ ಎರಡು ಲಕ್ಷ ಅನ್ನುವುದೇ ಬುರುಡೆಯಾ?

ಉತ್ತರ: ಬುರುಡೆಯಲ್ಲ. ಕೆಡವಿದ್ದೂ ಉಂಟು, ಹೊರಗಿನ ಗೋಡೆ ಬಿಟ್ಟು ಒಳಗಿನದನ್ನು ಮಾತ್ರ. ಆದರೆ ಜನ ಕಮ್ಮಿಯಾಗಲು ಮುಖ್ಯ ಕಾರಣ ಕೆಡವಿದ್ದಲ್ಲ, ನಿಂತಿದ್ದವರನ್ನು ಕೂರಿಸಿದ್ದು.

ಮೊದಲು ಲೆಕ್ಕ ನೋಡೋಣ. 1950ರ ಜುಲೈ 16ರಂದು ಮಾರಾಟವಾದ ಟಿಕೆಟ್ 1,73,850. ಪಾಸಿನವರು, ಕೆಲಸದವರು, ಹೇಗೋ ಒಳಗೆ ನುಗ್ಗಿದವರು ಎಲ್ಲರನ್ನೂ ಸೇರಿಸಿ ಎರಡು ಲಕ್ಷದ ಹತ್ತಿರ ಅನ್ನುವುದು ಅಂದಾಜು. ಅಂದಹಾಗೆ ಅದು ಕಟ್ಟುನಿಟ್ಟಾಗಿ ಹೇಳಿದರೆ ಫೈನಲ್ಲೇ ಅಲ್ಲ. ಆ ಸಲ ಕೊನೆಯ ನಾಲ್ಕು ತಂಡಗಳು ಲೀಗ್ ಆಡಿದವು, ಕೊನೆಯ ಪಂದ್ಯದಲ್ಲಿ ಬ್ರೆಜಿಲ್‌ಗೆ ಡ್ರಾ ಆಗಿದ್ದರೂ ಸಾಕಿತ್ತು. 47ನೇ ನಿಮಿಷದಲ್ಲಿ ಬ್ರೆಜಿಲ್‌ನ ಫ್ರಿಯಾಸಾ ಗೋಲು ಹೊಡೆದಾಗ ಕಪ್ ಬಂದೇ ಬಿಟ್ಟಿತು ಅಂದುಕೊಂಡರು. 66ಕ್ಕೆ ಉರುಗ್ವೆಯ ಸ್ಕಿಯಾಫಿನೊ, 79ಕ್ಕೆ ಗಿಗ್ಗಿಯಾ, 2-1. ಮರಕಾನಾದ ಬಾಯಿ ಮುಚ್ಚಿಸಿದವರು ಮೂವರೇ, ಪೋಪ್, ಫ್ರಾಂಕ್ ಸಿನಾತ್ರಾ ಮತ್ತು ನಾನು ಎಂದು ಗಿಗ್ಗಿಯಾ ಮುಂದೆ ಹೇಳಿಕೊಳ್ಳುತ್ತಿದ್ದರು. ಟಿಕೆಟ್ ಲೆಕ್ಕದಲ್ಲಿ ಆ ದಿನದ ದಾಖಲೆಯೂ ಮುರಿದಿದೆ: 1969ರ ಆಗಸ್ಟ್ 31ರಂದು ಬ್ರೆಜಿಲ್–ಪರಾಗ್ವೆ ಪಂದ್ಯಕ್ಕೆ 1,83,341 ಜನ ದುಡ್ಡು ಕೊಟ್ಟು ಒಳಗೆ ಬಂದಿದ್ದರು.

ಇಷ್ಟು ಜನ ಹಿಡಿಸಿದ್ದು ಹೇಗೆ? ನಮ್ಮ ಬಸ್ಸುಗಳನ್ನೇ ನೆನಪಿಸಿಕೊಳ್ಳಿ. ಸೀಟು ಐವತ್ತಿರಬಹುದು, ಆದರೆ ಸಂಜೆ ಆರರ ಬಸ್ಸಿನಲ್ಲಿ ಕಂಡಕ್ಟರ್ ಹರಿಯುವ ಟಿಕೆಟ್ ಐವತ್ತಕ್ಕೆ ನಿಲ್ಲುವುದಿಲ್ಲ. ಸ್ಟೇಡಿಯಂನ ಒಂದು ಕುರ್ಚಿಗೆ ಸುಮಾರು ಅರ್ಧ ಮೀಟರ್ ಅಗಲ, ಕಾಲು ಚಾಚುವ ಜಾಗ ಸೇರಿ 80 ಸೆಂಟಿಮೀಟರ್ ಉದ್ದ ಬೇಕು. ಅಂದರೆ ಒಂದು ಚದರ ಮೀಟರಿಗೆ ಎರಡೂವರೆ ಜನ. ನಿಂತರೆ ಅಷ್ಟೇ ಜಾಗಕ್ಕೆ ನಾಲ್ಕೈದು ಜನ. ಮರಕಾನಾದ ಮೇಲಿನ ಅಂತಸ್ತಿನಲ್ಲಿ ಕುರ್ಚಿಯೇ ಇರಲಿಲ್ಲ, ಬರೀ ಕಾಂಕ್ರೀಟ್ ಮೆಟ್ಟಿಲು. ನಂಬರಿಲ್ಲ, ಗೆರೆಯಿಲ್ಲ. "ಚೂರು ಸರೀರಿ" ಅಂದರೆ ಇನ್ನೊಬ್ಬರಿಗೆ ಜಾಗ ಆಗುತ್ತಿತ್ತು.

ಇನ್ನು ಜೆರಾಲ್. ನಮ್ಮ ಟಾಕೀಸುಗಳ ಗಾಂಧಿ ಕ್ಲಾಸ್ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಮೈದಾನದ ಸುತ್ತ, ಕಂದಕದ ಈಚೆಗೆ, ನೆಲಮಟ್ಟದಲ್ಲಿ ನಿಂತು ನೋಡುವ ಜಾಗ; ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು. ಕಣ್ಣು ಹುಲ್ಲಿಗಿಂತ ಅಷ್ಟೇನೂ ಎತ್ತರದಲ್ಲಿ ಇರುತ್ತಿರಲಿಲ್ಲವಾದ್ದರಿಂದ ಹತ್ತಿರ ಓಡುವ ಆಟಗಾರನ ಕಾಲು ಕಾಣುತ್ತಿತ್ತೇ ಹೊರತು ಆಚೆ ತುದಿಯ ಗೋಲು ಸರಿಯಾಗಿ ಕಾಣುತ್ತಿರಲಿಲ್ಲ. ತಲೆಯ ಮೇಲೆ ಸೂರಿಲ್ಲ, ಮಳೆ ಬಂದರೆ ನೆನೆಯಬೇಕು. ಆದರೂ ಅಲ್ಲಿಗೇ ಬರುವವರದ್ದೊಂದು ಪಂಗಡವಿತ್ತು, ಜೆರಾಲ್ದಿನೊಗಳು ಅಂತ ಹೆಸರೇ ಬಿದ್ದಿತ್ತು. ವೇಷ ಹಾಕಿಕೊಂಡು ಬಂದು ಕುಣಿಯುವವರು, ಲೈನ್‌ಮನ್ನನ್ನು ಪಂದ್ಯವಿಡೀ ಬೈಯುವವರು ಎಲ್ಲ ಅಲ್ಲೇ. ನನ್ನನ್ನು ಕೇಳಿದರೆ ಮರಕಾನಾದ ಚರಿತ್ರೆಯನ್ನು ಗೋಲುಗಳಿಗಿಂತ ಈ ಜೆರಾಲ್‌ನಿಂದಲೇ ಬರೆಯಬೇಕು.

ಕಟ್ಟಿದ ಕತೆಯೂ ಸ್ವಲ್ಪ ಹೇಳಬೇಕು. ಆ ಜಾಗ ಮೊದಲು ಡರ್ಬಿ ಕ್ಲಬ್ಬಿನ ಕುದುರೆ ರೇಸಿನದ್ದು. ಇಷ್ಟು ಖರ್ಚು ಬೇಡ, ಕಟ್ಟುವುದೇ ಆದರೆ ಊರಾಚೆಯ ಜಕರೆಪಗುವಾದಲ್ಲಿ ಕಟ್ಟಿ ಎಂದು ರಾಜಕಾರಣಿ ಕಾರ್ಲೊಸ್ ಲಸೆರ್ಡಾ ಹಟ ಹಿಡಿದಿದ್ದರು. ಇಲ್ಲೇ ಆಗಬೇಕೆಂದು ತಮ್ಮ ಕ್ರೀಡಾ ಪತ್ರಿಕೆಯಲ್ಲಿ ಬರೆದೂ ಬರೆದೂ ಗೆದ್ದವರು ಪತ್ರಕರ್ತ ಮಾರಿಯೊ ಫಿಲ್ಯೊ. 1948ರ ಆಗಸ್ಟ್‌ನಲ್ಲಿ ಕೆಲಸ ಶುರುವಾಗಿ 1950ರ ಜೂನ್ 16ಕ್ಕೆ ಉದ್ಘಾಟನೆಯಾಯಿತು. ಕೆಲಸ ಪೂರ್ತಿ ಮುಗಿದದ್ದು ಮಾತ್ರ 1965ರಲ್ಲಿ! ಮರುವರ್ಷ ಫಿಲ್ಯೊ ತೀರಿಕೊಂಡಾಗ ಅವರ ಹೆಸರನ್ನೇ ಇಟ್ಟರು, ಈಗಲೂ ಅಧಿಕೃತ ಹೆಸರು ಅದೇ. 2021ರಲ್ಲಿ ಪೆಲೆ ಹೆಸರಿಡಲು ರಿಯೊ ರಾಜ್ಯದ ಶಾಸನಸಭೆ ಒಪ್ಪಿದರೂ ಗವರ್ನರ್ ತಡೆದರು. ಜನರ ಬಾಯಲ್ಲಿ ಇದ್ಯಾವುದೂ ಇಲ್ಲ, ಪಕ್ಕದಲ್ಲಿ ಹರಿಯುವ ಮರಕಾನಾ ನದಿಯ ಹೆಸರೇ. ನದಿಗೆ ಆ ಹೆಸರು ಬಂದದ್ದು ಒಂದು ಜಾತಿಯ ಗಿಳಿಯಿಂದ.

ಎಣಿಕೆ ಇಳಿಯತೊಡಗಿದ್ದು ಒಂದು ಸಾವಿನ ಸುದ್ದಿಯಿಂದ. 1992ರ ಜುಲೈ 19, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಫೈನಲ್, ಫ್ಲಮೆಂಗೊ ಮತ್ತು ಬೊಟಾಫೊಗೊ. ಒಳಗೆ ಒಂದು ಲಕ್ಷಕ್ಕೂ ಹೆಚ್ಚು ಜನ. ಪಂದ್ಯಕ್ಕೆ ಮೊದಲೇ ಮೇಲಿನ ಅಂತಸ್ತಿನ ಕಂಬಿ ಕಿತ್ತುಬಂತು, ಒರಗಿ ನಿಂತಿದ್ದವರು ಕೆಳಗಿನವರ ಮೇಲೆ ಬಿದ್ದರು. ಮೂವರು ಸತ್ತರು, ಹಲವರಿಗೆ ಪೆಟ್ಟಾಯಿತು. ಪಂದ್ಯ ಮಾತ್ರ ನಡೆಸಿಯೇ ಬಿಟ್ಟರು. ಇಂಗ್ಲೆಂಡಿನ ಹಿಲ್ಸ್‌ಬರೊದಲ್ಲಿ 1989ರ ನೂಕುನುಗ್ಗಲಿಗೆ 97 ಜನ ಬಲಿಯಾಗಿ, ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಸೀಟು ಇರಲೇಬೇಕು ಎಂಬ ಮಾತು ಆಗಲೇ ಎದ್ದಿತ್ತು. 2000ದ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ಹೊತ್ತಿಗೆ ಮೇಲಿನ ಮೆಟ್ಟಿಲುಗಳಿಗೂ ಸೀಟು ಬಂದು ಎಣಿಕೆ ಲಕ್ಷದ ಆಸುಪಾಸಿಗೆ ಇಳಿಯಿತು. 2007ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ತಯಾರಿಯಲ್ಲಿ, 2005ರಲ್ಲಿ, ಜೆರಾಲ್ ಮುಚ್ಚಿತು. ಮೈದಾನವನ್ನು ತಗ್ಗಿಸಿ ಆ ಜಾಗದಲ್ಲೂ ಕುರ್ಚಿ ಹಾಕಿದರು. 2010ರಿಂದ 2013ರವರೆಗೆ ಎರಡು ಅಂತಸ್ತನ್ನೂ ಕೆಡವಿ ಒಂದೇ ಬೋಗುಣಿಯ ಹಾಗೆ ಕಟ್ಟಿದರು, ಹೊಸ ಸೂರು ಹೊದಿಸಿದರು. ಕೊನೆಗೆ ಉಳಿದದ್ದು 78,838 ಸೀಟು.

ಕಂಬಿ ಮುರಿದು ಸಾಯುವುದಕ್ಕಿಂತ ಕುರ್ಚಿ ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಡಿಗಾಸಿಗೆ ಒಳಗೆ ಬರುತ್ತಿದ್ದವನಿಗೆ ಅದೇ ದರದಲ್ಲಿ ಬೇರೆ ಜಾಗವನ್ನು ಯಾರೂ ಮಾಡಿಕೊಡಲಿಲ್ಲ. ಯಾವುದಕ್ಕಾಗಿ ಇಷ್ಟೆಲ್ಲ ರಿಪೇರಿ ಮಾಡಿದರೋ ಆ 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡ ಮರಕಾನಾದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸೆಮಿಫೈನಲ್‌ನಲ್ಲಿ ಜರ್ಮನಿಗೆ 7-1ರಿಂದ ಸೋತು, ಫೈನಲ್‌ಗೆ ಇಲ್ಲಿಗೆ ಬರುವ ದಾರಿಯೇ ಮುಚ್ಚಿತ್ತು.

ಕೋಲ್ಕತ್ತದ ಸಾಲ್ಟ್‌ಲೇಕ್ ಸ್ಟೇಡಿಯಂ ಬಗ್ಗೆಯೂ ಇದೇ ಪ್ರಶ್ನೆ ಏಳುತ್ತದೆ. 1997ರ ಜುಲೈ 13ರ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಪಂದ್ಯಕ್ಕೆ 1,31,781 ಜನ. 2017ರ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ಗೆ 66,684. ಅಲ್ಲೂ ಮಧ್ಯೆ ಬಂದದ್ದು ಕುರ್ಚಿಯೇ.