ಶುಗರ್ ಮಾತ್ರೆ ಜೊತೆ ಮಧುನಾಶಿನಿ: ಈ ಜೋಡಿ ಶುರುವಾಗಿದ್ದು ಎಲ್ಲಿಂದ?

ಬೆಳಿಗ್ಗೆ ಮಾತ್ರೆ, ಅದರ ಹಿಂದೆಯೇ ಒಂದು ಲೋಟ ಹಾಗಲಕಾಯಿ ಜ್ಯೂಸ್. ಶುಗರ್ ಇರುವ ಎಷ್ಟೋ ಮನೆಗಳಲ್ಲಿ ಇದು ಮಾಮೂಲು. ಡಾಕ್ಟರ್ ಹತ್ತಿರ ಮಾತ್ರ ಹೇಳುವುದಿಲ್ಲ, ಬೈತಾರೆ ಅಂತ. ನನಗೆ ಭಯ ಈ ಮುಚ್ಚಿಡುವುದರದ್ದೇ.

ಯಾಕೆ ಅಂದರೆ, ಎರಡೂ ಸೇರಿದರೆ ಏನೋ ಆಗುತ್ತದೆ ಅನ್ನೋದು ಹಳೇ ವಿಷಯ. 1979ರಲ್ಲೇ ಬ್ರಿಟನ್ನಿನ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಪಾಕಿಸ್ತಾನಿ ಮಹಿಳೆಯ ವರದಿ ಬಂತು. ಆಕೆ ಕ್ಲೋರ್‌ಪ್ರೊಪಮೈಡ್ ಅನ್ನೋ ಶುಗರ್ ಮಾತ್ರೆ ನುಂಗುತ್ತಿದ್ದರು, ಜೊತೆಗೆ ಹಾಗಲಕಾಯಿ ಪಲ್ಯ ತಿನ್ನುತ್ತಿದ್ದರು. ಪಲ್ಯ ತಿಂದ ದಿನಗಳಲ್ಲಿ ಮೂತ್ರದಲ್ಲಿ ಸಕ್ಕರೆ ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು.

ಮಧುನಾಶಿನಿ ಬಳ್ಳಿಯದು ಇನ್ನೂ ಹಿಂದಿನ ಕಥೆ. ಅದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಿಹಿಯೇ ಗೊತ್ತಾಗಲ್ಲ, ಮರಳು ತಿಂದ ಹಾಗಾಗುತ್ತದೆ. 1887ರಲ್ಲಿ ಊಟಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಡೇವಿಡ್ ಹೂಪರ್ ಈ ಎಲೆಯ ರಾಸಾಯನಿಕವನ್ನು ಪರೀಕ್ಷಿಸಿದರು. ಆಮೇಲೆ 1990ರಲ್ಲಿ ಮದ್ರಾಸಿನ ಸಂಶೋಧಕರ ಅಧ್ಯಯನ ಪ್ರಕಟವಾಯಿತು. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದ 22 ಜನ ಟೈಪ್ 2 ರೋಗಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆ ಸಾರವನ್ನು 18ರಿಂದ 20 ತಿಂಗಳು ಕೊಟ್ಟರು. ಶುಗರ್ ಇಳಿಯಿತು, ಮಾತ್ರೆಯ ಡೋಸ್ ಇಳಿಸಬೇಕಾಯಿತು, 5 ಜನ ಮಾತ್ರೆಯನ್ನೇ ಬಿಟ್ಟರು. ಇವತ್ತು ಪುಡಿ ಡಬ್ಬಿ ಮಾರುವವರು ಹೇಳುವುದು ಈ 5 ಜನರ ಕಥೆ. ಉಳಿದ 17 ಜನ ಮಾತ್ರೆಯಲ್ಲೇ ಇದ್ದರು ಅನ್ನೋದನ್ನಾಗಲಿ, ಎಲ್ಲರನ್ನೂ ಪರೀಕ್ಷಿಸುತ್ತಲೇ ಡೋಸ್ ಇಳಿಸಿದರು ಅನ್ನೋದನ್ನಾಗಲಿ ಹೇಳಲ್ಲ. 22 ಜನ ಅಂದರೆ ತೀರಾ ಸಣ್ಣ ಗುಂಪು ಕೂಡ, ಅಲ್ವಾ?

ಶುಗರ್‌ಗೆ ಅಂತ ಕುಡಿಯುವ ನಮ್ಮ ಹೊನ್ನೆ ಮರದ ಲೋಟದ ನೀರಿಗೂ ಇದೇ ಗತಿ. ಹೊನ್ನೆ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 97 ಜನರಲ್ಲಿ ಮಾಡಿದ ಪ್ರಯೋಗ 1998ರಲ್ಲಿ ಪ್ರಕಟವಾಯಿತು, 67 ಜನರಿಗೆ ಶುಗರ್ ಹತೋಟಿಗೆ ಬಂತು. ಆದರೆ ಅವರೆಲ್ಲ ಹೊಸದಾಗಿ ಶುಗರ್ ಬಂದವರು. ವರ್ಷಗಟ್ಟಲೆ ಮಾತ್ರೆ ನುಂಗಿದವರ ಬಗ್ಗೆ ಅದು ಏನೂ ಹೇಳುವುದಿಲ್ಲ.

ಚೀನಾದಲ್ಲಿ ಮಾತ್ರೆ, ಮೂಲಿಕೆ ಎರಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ್ದಾರೆ. ಷಿಯಾವೋಕೆ ಅಂತ ಹೆಸರು, ಒಂದೊಂದರಲ್ಲೂ 0.25 ಮಿಲಿಗ್ರಾಂ ಗ್ಲಿಬೆನ್‌ಕ್ಲಮೈಡ್ ಅನ್ನೋ ಶುಗರ್ ಔಷಧಿ ಇದೆ. 2013ರಲ್ಲಿ 800 ಜನರ ಮೇಲಿನ ಪರೀಕ್ಷೆ ಪ್ರಕಟವಾಯಿತು. ಬರೀ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡವರಿಗಿಂತ ಷಿಯಾವೋಕೆ ತೆಗೆದುಕೊಂಡವರಲ್ಲಿ ಲೋ ಶುಗರ್, ಅಂದರೆ ಶುಗರ್ ಅತಿಯಾಗಿ ಇಳಿಯುವುದು, ಕಡಿಮೆ ಇತ್ತು. ಸೇರಿಸುವುದೇ ತಪ್ಪಲ್ಲ, ಅಳೆದು ಸೇರಿಸಬೇಕು.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೂಡ ಗಿಡದಿಂದಲೇ ಹೊರಟಿದ್ದು. ಯುರೋಪಿನ ಗಲೇಗಾ ಗಿಡದಲ್ಲಿದ್ದ ಗಲೇಜಿನ್ ಶುಗರ್ ಇಳಿಸುತ್ತಿತ್ತು, ಆದರೆ ವಿಷ ಜಾಸ್ತಿ. ಅದೇ ಬಳಗದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾದರೂ, 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ರೋಗಿಗಳಲ್ಲಿ ಬಳಸಿದ ಫಲಿತಾಂಶ ಪ್ರಕಟಿಸುವವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1995ರಲ್ಲಿ.

ಮನೆಯಲ್ಲಿ ಅರೆದ ಪುಡಿಯಲ್ಲಿ ಎಷ್ಟು ಶಕ್ತಿ ಇದೆ ಅಂತ ಯಾರೂ ಅಳೆದಿರುವುದಿಲ್ಲ. ಬರೀ ಮೆಟ್‌ಫಾರ್ಮಿನ್ ಇದ್ದರೆ ಲೋ ಶುಗರ್ ಅಪರೂಪ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದು, ಮೇಲಿಂದ ಪುಡಿಯನ್ನೂ ತಿಂದು, ಊಟ ತಡವಾದರೆ ಕೈ ನಡುಗಿ, ಬೆವರಿ, ಪ್ರಜ್ಞೆ ತಪ್ಪಬಹುದು. ಅದಕ್ಕೇ ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಪುಡಿ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಮಾತ್ರೆಯನ್ನು ನೀವಾಗಿ ಬಿಡಬೇಡಿ.