ಮೀಟರ್ ಕ್ಯಾಲಿಬ್ರೇಶನ್ ಅಂದರೆ ಏನು?

ಕಾರಿನ ಮೀಟರಿಗೆ ಬಿಳಿ ಡಯಲ್ ಹಾಕಿಸಿ, ಒಳಗೆ ನೀಲಿ ಎಲ್‌ಇಡಿ ಕೂರಿಸುವ ಆಸೆ ದಾವಣಗೆರೆಯಲ್ಲೂ ಸುಮಾರು ಜನಕ್ಕಿದೆ. ನೋಡೋಕೂ ಚೆನ್ನಾಗಿರುತ್ತದೆ. ಆದರೆ ಡಯಲ್ ಬದಲಿಸಬೇಕಾದರೆ ಮುಳ್ಳು ಕೀಳಲೇಬೇಕು. ಕಿತ್ತ ಮುಳ್ಳನ್ನು ಕಣ್ಣಂದಾಜಿನಲ್ಲಿ ವಾಪಸ್ ಒತ್ತಿಬಿಟ್ಟರೆ ಮೀಟರ್ ತೋರಿಸುವ ಸ್ಪೀಡನ್ನು ನಂಬುವ ಹಾಗಿಲ್ಲ. ಸರಿ ಅಂತ ಗೊತ್ತಿರುವ ಇನ್ನೊಂದು ಅಳತೆಯ ಪಕ್ಕ ಇಟ್ಟು ನೋಡಿ, ಮುಳ್ಳನ್ನು ಅದಕ್ಕೆ ಹೊಂದಿಸುವುದೇ ಕ್ಯಾಲಿಬ್ರೇಶನ್.

ಈಗಿನ ಬಹಳಷ್ಟು ಮುಳ್ಳಿನ ಮೀಟರುಗಳ ಒಳಗೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸಣ್ಣ ಸ್ಟೆಪರ್ ಮೋಟರ್ ಇರುತ್ತದೆ. ಅದರ ತೆಳ್ಳನೆ ಕಡ್ಡಿಗೆ ಮುಳ್ಳನ್ನು ಒತ್ತಿ ಕೂರಿಸಿರುತ್ತಾರೆ, ಅಷ್ಟೇ. ಮುಳ್ಳು ಯಾವ ಅಂಕಿಯ ಮೇಲಿದೆ ಅಂತ ಮೀಟರಿಗೆ ಕಾಣುವುದಿಲ್ಲ. ಕೀ ಆನ್ ಮಾಡಿದಾಗ ಮೋಟರನ್ನು ಹಿಂದಕ್ಕೆ ತಿರುಗಿಸಿ, ತಡೆ ಸಿಕ್ಕ ಜಾಗವನ್ನೇ ಸೊನ್ನೆ ಅಂತ ಹಿಡಿದು ಅಲ್ಲಿಂದ ಹೆಜ್ಜೆ ಎಣಿಸುತ್ತದೆ. ಹಾಗಾಗಿ ಮೊದಲು ಕೀ ಆನ್ ಮಾಡಿ ಮೋಟರ್ ಸೊನ್ನೆಗೆ ಬರಲಿ, ಆಮೇಲೆ ಮುಳ್ಳನ್ನು ಸೊನ್ನೆಯ ಗೆರೆಗೆ ಹಗುರವಾಗಿ ಕೂರಿಸಿ. ಜಾಸ್ತಿ ಒತ್ತಿದರೆ ಅದು ಡಯಲ್‌ಗೆ ಉಜ್ಜಿಕೊಂಡು ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಸೊನ್ನೆ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವಾಗ ಖಾಲಿ ತಕ್ಕಡಿ ಸರಿಯಾಗಿ ನಿಂತರೂ ತೂಕದ ಕಲ್ಲೇ ಹಗುರವಾಗಿದ್ದರೆ ಲೆಕ್ಕ ತಪ್ಪುತ್ತದೆ ಅಲ್ವಾ, ಇಲ್ಲೂ ಹಾಗೇ. ಅದಕ್ಕೇ ಎರಡು ಸ್ಪೀಡಿನಲ್ಲಿ ನೋಡಬೇಕು. ಚಿತ್ರದುರ್ಗದ ಕಡೆ ಹೆದ್ದಾರಿ 48ರಲ್ಲಿ ಒಬ್ಬರು ಗಾಡಿ ಓಡಿಸಲಿ, ಪಕ್ಕದವರು ಫೋನಿನ ಜಿಪಿಎಸ್ ಸ್ಪೀಡ್ ಓದಲಿ. 40ರಲ್ಲೂ 80ರಲ್ಲೂ ಮುಳ್ಳು ಒಂದೇ ಸಮ 8 ಜಾಸ್ತಿ ತೋರಿಸಿದರೆ ಮುಳ್ಳು ಕೂರಿಸಿದ್ದು ತಪ್ಪಿದೆ. 40ಕ್ಕೆ 8, 80ಕ್ಕೆ 16 ಹೀಗೆ ಬೆಳೆಯುತ್ತಾ ಹೋದರೆ ಡಯಲ್ ಮೇಲಿನ ಗೆರೆಗಳೇ ನಿಮ್ಮ ಮೀಟರಿಗೆ ಹೊಂದುತ್ತಿಲ್ಲ, ಆಗ ಮುಳ್ಳು ಎಷ್ಟು ಸಲ ಕಿತ್ತು ಹಾಕಿದರೂ ಪ್ರಯೋಜನವಿಲ್ಲ. ಟೈರ್ ಸೈಜ್ ಬದಲಾಗಿದ್ದರೂ ವ್ಯತ್ಯಾಸ ಹೀಗೇ ಬೆಳೆಯುತ್ತದೆ. ಒಂದೆರಡು ಕಿಲೋಮೀಟರ್ ಜಾಸ್ತಿ ಬಂದರೆ ಗಾಬರಿ ಬೇಡ, ಕಂಪನಿಯವರೇ ಬೇಕಂತಲೇ ಸ್ವಲ್ಪ ಮೇಲೆ ತೋರಿಸುತ್ತಾರೆ. ವಿಶ್ವಸಂಸ್ಥೆಯ ಆರ್39 ನಿಯಮದ ಪ್ರಕಾರ ಮೀಟರ್ ನಿಜವಾದ ಸ್ಪೀಡಿಗಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ಅಂದರೆ ಶೇ. 10ರ ಮೇಲೆ 4 ಕಿ.ಮೀ. ತನಕ ಹೋಗಬಹುದು. ಅಂದರೆ 80ಕ್ಕೆ 92ರವರೆಗೆ.

ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಮತ್ತು ಟೆಂಪರೇಚರ್ ಮುಳ್ಳಿಗೆ ಓಬಿಡಿ ಸ್ಕ್ಯಾನರ್ ಬೇಕು. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದರೆ ಇಂಜಿನ್ ಕಂಪ್ಯೂಟರ್ ಹೇಳುವ ಅಂಕಿ ಫೋನಿನಲ್ಲೇ ಬರುತ್ತದೆ. ಟೆಂಪರೇಚರ್ ಮುಳ್ಳನ್ನು ಮಾತ್ರ ದಯವಿಟ್ಟು ಅಂದಾಜಿಗೆ ಬಿಡಬೇಡಿ. ಎಷ್ಟೋ ಕಾರುಗಳಲ್ಲಿ ಇಂಜಿನ್ ಸುಮಾರು 80ರಿಂದ 100 ಡಿಗ್ರಿ ಇರುವಷ್ಟು ಹೊತ್ತೂ ಮುಳ್ಳು ನಡುವಲ್ಲೇ ನಿಂತಿರುತ್ತದೆ. ಅದು ಕೆಳಗೆ ಕೂತುಬಿಟ್ಟಿದ್ದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇಂಜಿನ್ ಕಾದು ಕುದಿಯುವಾಗಲೂ ಮೀಟರ್ ತಣ್ಣಗಿದೆ ಅಂತಲೇ ತೋರಿಸುತ್ತದೆ, ಇಂಜಿನ್ ಒಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋದ ಮೇಲೇ ನಿಮಗೆ ಗೊತ್ತಾಗುವುದು. ಸ್ಕ್ಯಾನರ್ 90 ಅಂದಾಗ ಮುಳ್ಳು ನಡುವಿಗೆ ಇದೆಯಾ ನೋಡಿ.

ಪೆಟ್ರೋಲ್ ಮುಳ್ಳಿಗೆ ಟ್ಯಾಂಕ್ ಫುಲ್ ಮಾಡಿಸಿ ನೋಡುವುದೇ ದಾರಿ. ಅದು ನಿಧಾನವಾಗಿ ಏರುತ್ತದೆ, ಬಂಕಿನಿಂದ ಹೊರಟು ಸ್ವಲ್ಪ ದೂರ ಹೋದ ಮೇಲೆ ನೋಡಿ.